ಸೋತವರು ಬರಬೇಕು

ಮೊನ್ನೆ ಶನಿವಾರ ಕಾರಿಗೆ ಹೊಸ ಟಯರ್ ಹಾಕಿಸಲು ದುಬೈನ ಅಲ್ ಕೂಝ್ ಕಡೆ ಹೋಗಿದ್ದೆ. ಗಿರಾಕಿಗಳು ಕೂರಲೆಂದು ಮಾಡಿದ್ದ ಗಾಜಿನ ಕೋಣೆಯಲ್ಲಿ ಎ.ಸಿ. ಹೆಸರಿಗೆ ಮಾತ್ರ ಓಡುತ್ತಿತ್ತು. ಯಾರಾದರೂ ಬಾಗಿಲು ತೆಗೆದಾಗಲೆಲ್ಲ ಕಾದ ರಬ್ಬರಿನ ವಾಸನೆ ಒಳಗೆ ನುಗ್ಗುತ್ತಿತ್ತು. ಗೋಡೆಯ ಟಿವಿಯಲ್ಲಿ, ದನಿಯಿಲ್ಲದೆ, ಮರುದಿನದ ರೇಸಿನಲ್ಲಿ ಯಾವ ಕಾರು ಯಾವ ಸಾಲಿನಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಓಟ ನಡೆದಿತ್ತು. ಬಿಲ್ಲು ಬರೆಯುತ್ತಿದ್ದ ಪೇಶಾವರದ ಮನುಷ್ಯ ಸುಮ್ಮನೆ ಮಾತಿಗೆಂದು, "ಕಲ್ ಕೌನ್ ಜೀತೇಗಾ, ಮೇಡಂ?" ಎಂದ. ನಾನು ಪರದೆಯತ್ತ ಒಂದು ಸಲ ನೋಡಿ, ಟ್ರ್ಯಾಕು ಕಿರಿದಾಗಿದೆ, ಹಿಂದಿನಿಂದ ಬಂದು ದಾಟುವುದು ಕಷ್ಟ, ಮುಂದೆ ನಿಂತವನೇ ಗೆಲ್ಲುತ್ತಾನೆ, ಮಳೆ ಬಂದರೆ ಮಾತ್ರ ಬೇರೆ ಲೆಕ್ಕ ಎಂದು ಹಿಂದಿಯಲ್ಲೇ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ. ನನಗೂ ಆಶ್ಚರ್ಯವಾಯಿತು. ಮಾತು ನನ್ನ ಬಾಯಿಂದ ಬಂದಿತ್ತು, ಆದರೆ ಅದು ನನ್ನ ಮಾತಾಗಿರಲಿಲ್ಲ. ನಮ್ಮ ಎದುರು ಮನೆಯ ಆಂಟಿಯ ಮಾತಾಗಿತ್ತು...

ಟಿವಿಯಲ್ಲಿ ಎಲ್ಲ ಸಿಗುತ್ತದೆ, ಟಯರಿನ ವಾಸನೆ ಒಂದು ಸಿಗುವುದಿಲ್ಲ ಎಂದು ಅವರು ಕೊರಗುತ್ತಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ ಆ ವಾಸನೆ ನನ್ನ ದುಪಟ್ಟಾದಲ್ಲೇ ಇತ್ತು.

ನಾನು ಮೈಸೂರು ಬಿಟ್ಟು ದುಬೈಗೆ ಬಂದ ಮೊದಲ ವರ್ಷದ ಮಾತು. ಇಲ್ಲಿ ವಾರದ ರಜೆ ಶುಕ್ರವಾರದಿಂದ ಭಾನುವಾರದ ಕಡೆಗೆ ಸರಿದು ಹೆಚ್ಚು ದಿನವಾಗಿರಲಿಲ್ಲ. ಹಡಗಿನ ಸರಕಿನ ಕಾಗದಪತ್ರ ನೋಡಿಕೊಳ್ಳುವ ಒಂದು ಆಫೀಸಿನಲ್ಲಿ ಕೆಲಸ, ಅಲ್ ಬರ್ಷಾದಲ್ಲಿ ಒಂದೇ ಕೋಣೆಯ ಮನೆ. ನನಗೆ ಆಗ ಮೂವತ್ತು ದಾಟಿತ್ತು, ಮದುವೆ ಮುರಿದು ಬಿದ್ದಿತ್ತು, ಊರಿನಲ್ಲಿ ಕಂಡವರೆಲ್ಲ ಪಾಪ ಎನ್ನುವುದನ್ನು ಕೇಳಿ ಕೇಳಿ ಸಾಕಾಗಿ ಬಂದಿದ್ದೆ. ಇಲ್ಲಿ ಪಾಪ ಎನ್ನಲೂ ಒಂದು ನರಪಿಳ್ಳೆ ಇಲ್ಲ ಎಂಬುದು ಬಂದ ಮೇಲೆ ಗೊತ್ತಾಯಿತು. ಶುಕ್ರವಾರ ಸಂಜೆ ಆಫೀಸಿನವರಿಗೆ ಬೈ ಹೇಳಿದರೆ ಮತ್ತೆ ಬಾಯಿ ಬಿಡುತ್ತಿದ್ದುದು ಸೋಮವಾರ. ನಡುವೆ ನನ್ನ ಜೊತೆ ಮಾತಾಡುತ್ತಿದ್ದುದು ಲಿಫ್ಟು ಮಾತ್ರ. ಅದೂ ಮಹಡಿಯ ನಂಬರು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಮಾಲ್ ಹತ್ತಿರವೇ ಇತ್ತು. ಅಲ್ಲಿ ಹೋಗಿ ಅಷ್ಟೊಂದು ಜನರ ನಡುವೆ ನಡೆದು ಬಂದರೆ ಇನ್ನೂ ಕಷ್ಟವಾಗುತ್ತಿತ್ತು.

ಹೀಗಿರುವಾಗ ಎದುರು ಮನೆಯಿಂದ ಭಾನುವಾರ ಸಂಜೆಗಳಲ್ಲಿ ಒಂದು ಸದ್ದು ಶುರುವಾಯಿತು. ಮಿಕ್ಸಿ ತಿರುವುವ ಹಾಗೆ, ಗೊಂಯ್ ಎಂದು, ಒಂದೂವರೆ ಗಂಟೆ ಬಿಡದೆ. ಯಾವ ಮನೆಯಲ್ಲಿ ಇಷ್ಟು ಹೊತ್ತು ಚಟ್ನಿ ರುಬ್ಬುತ್ತಾರೆ ಎಂದು ನನಗೆ ತಲೆ ಕೆಟ್ಟುಹೋಗುತ್ತಿತ್ತು. ಒಂದು ಭಾನುವಾರ ತಡೆಯಲಾರದೆ ಹೋಗಿ ಬೆಲ್ ಒತ್ತಿದೆ. ಇಂಗ್ಲಿಷಿನಲ್ಲಿ ಜಗಳವಾಡಲು ಎರಡು ವಾಕ್ಯ ಜೋಡಿಸಿಕೊಂಡೇ ಹೋಗಿದ್ದೆ. ಬಾಗಿಲು ತೆಗೆದವರು ಐವತ್ತು ದಾಟಿದ ದಪ್ಪ ಹೆಂಗಸು. ನೈಟಿಯ ಮೇಲೆ ಟವೆಲ್ ಹೊದ್ದಿದ್ದರು. ನನ್ನ ಮುಖ ನೋಡದೆ, ತಿರುಗಿ ಟಿವಿಯ ಕಡೆ ನೋಡುತ್ತಲೇ, "ಅಯ್ಯೋ ದೇವರೇ, ಟಯರ್ ಪೂರಾ ಹಾಳು ಮಾಡಿದ ಅವ!" ಎಂದು ಕನ್ನಡದಲ್ಲಿ ಕೂಗಿದರು.

ಫೋನಿನಲ್ಲಲ್ಲದೆ, ಎದುರಿಗೆ ನಿಂತ ಮನುಷ್ಯರ ಬಾಯಲ್ಲಿ ಕನ್ನಡ ಕೇಳಿ ತಿಂಗಳುಗಳಾಗಿದ್ದವು. ಜಗಳದ ಇಂಗ್ಲಿಷು ಮರೆತುಹೋಗಿ, "ಆಂಟಿ, ನೀವು ಕನ್ನಡದವರಾ?" ಎಂದುಬಿಟ್ಟೆ.

"ಹೌದು ಮಾರಾಯ್ತಿ. ಒಳಗೆ ಬಾ, ಚಪ್ಪಲಿ ಅಲ್ಲೇ ಬಿಡು. ಇನ್ನು ಸ್ವಲ್ಪ ಉಂಟು, ಮುಗಿಯುವವರೆಗೆ ಎಂತದೂ ಕೇಳ್ಬೇಡ."

ಅಂದು ನಾನು ಏನೂ ಕೇಳಲಿಲ್ಲ. ಅವರ ಸೋಫಾದ ತುದಿಯಲ್ಲಿ ಕೂತು, ಬಣ್ಣಬಣ್ಣದ ಕಾರುಗಳು ಒಂದೇ ದಾರಿಯಲ್ಲಿ ಸುತ್ತುತ್ತಲೇ ಇರುವುದನ್ನು ನೋಡಿದೆ. ನನಗೆ ತಲೆಬುಡ ತಿಳಿಯಲಿಲ್ಲ. ರೇಸು ಮುಗಿದ ತಕ್ಷಣ ಅವರ ಫೋನು ಬಡಿಯಿತು. ತುಳುವಿನಲ್ಲಿ ಎರಡು ನಿಮಿಷ ಮಾತಾಡಿ, ಜೋರಾಗಿ ನಕ್ಕು, ಫೋನಿಟ್ಟು ನನ್ನ ಕಡೆ ತಿರುಗಿದರು. "ನಮ್ಮ ಇವರು ಸೋತ್ರು. ಬುಧವಾರ ಬರ್ತಾರೆ," ಎಂದರು.

ಅವರ ಮನೆಯವರು ಇದ್ದದ್ದು ರುವೈಸ್‌ನಲ್ಲಿ. ಅಬುಧಾಬಿಯನ್ನೂ ದಾಟಿ, ಮರುಭೂಮಿಯ ನಡುವೆ ಗಂಟೆಗಟ್ಟಲೆ ಹೋದರೆ ಸಿಗುವ ಎಣ್ಣೆ ಶುದ್ಧೀಕರಣದ ಊರು ಅದು. ಅಲ್ಲಿ ಅವರು ಟೆಕ್ನಿಷಿಯನ್. ಕಂಪನಿಯದೇ ಮನೆ, ಶಿಫ್ಟ್ ಕೆಲಸ, ರಜೆ ವಾರದ ನಡುವೆ ಯಾವುದೋ ದಿನ ಬೀಳುತ್ತಿತ್ತು. ಆಂಟಿ ದುಬೈನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದರು, ರಜೆ ಭಾನುವಾರ ಒಂದೇ. ರುವೈಸ್‌ಗೆ ಹೋಗಿ ಕೂತರೆ ಕೆಲಸವಿಲ್ಲ, ಕೆಲಸ ಬಿಡಲು ಅವರಿಗೆ ಮನಸ್ಸಿಲ್ಲ. ಮಕ್ಕಳಿರಲಿಲ್ಲ. ಹೀಗೆ ಗಂಡ ಅಲ್ಲಿ, ಹೆಂಡತಿ ಇಲ್ಲಿ ಎಂದು ವರ್ಷಗಳೇ ಕಳೆದಿದ್ದವು. ಮೊದಮೊದಲು ಯಾರು ಯಾರ ಕಡೆಗೆ ಬರಬೇಕೆಂದೇ ಜಗಳವಂತೆ. ನಾನೇ ಯಾಕೆ ಬರಬೇಕು ಎಂದು ಇಬ್ಬರೂ ಹಟ ಹಿಡಿದು ಒಮ್ಮೆ ಎರಡು ತಿಂಗಳು ಮುಖ ನೋಡಿರಲಿಲ್ಲವಂತೆ. ಅದಕ್ಕೂ ಮುಂಚೆ ಯಾರೋ ಕೊಟ್ಟ ಪುಕ್ಕಟೆ ಪಾಸಿನಲ್ಲಿ ಇಬ್ಬರೂ ಅಬುಧಾಬಿಯ ಯಾಸ್ ದ್ವೀಪದ ಟ್ರ್ಯಾಕಿಗೆ ಹೋಗಿ ರೇಸು ನೋಡಿ ಬಂದಿದ್ದರು, ಹುಚ್ಚು ಅಂದೇ ಹತ್ತಿತ್ತು. ಕೊನೆಗೆ ಅಂಕಲ್ಲೇ ಫೋನು ಮಾಡಿ, ಈ ಭಾನುವಾರ ನೀನೊಂದು ಕಾರು ಹೇಳು, ನಾನೊಂದು ಹೇಳುತ್ತೇನೆ, ಯಾರ ಕಾರು ಹಿಂದೆ ಬೀಳುತ್ತದೋ ಅವರು ಪ್ರಯಾಣ ಮಾಡಬೇಕು ಎಂದರಂತೆ. ಅಂದಿನಿಂದ ಅದೇ ಕಾನೂನು. ಸೋತವರು ಬರಬೇಕು. ಗೆದ್ದವರು ಮನೆಯಲ್ಲಿ ಕೂತು ಅಡುಗೆ ಮಾಡಿಟ್ಟುಕೊಂಡು ಕಾಯಬೇಕು.

ದಾಂಪತ್ಯ ಹೀಗೂ ನಡೆಯುತ್ತದೆಯೇ ಎಂದು ನನಗೆ ಸೋಜಿಗವಾಯಿತು. ನನ್ನದು ಒಂದೇ ಮನೆಯಲ್ಲಿದ್ದೂ ನಡೆದಿರಲಿಲ್ಲ.

ಮುಂದಿನ ಭಾನುವಾರ ಅವರೇ ಬಾಗಿಲು ತಟ್ಟಿದರು. ನಿನಗೂ ಬೆಟ್ ಕಟ್ಟಲು ಕಲಿಸುತ್ತೇನೆ, ಒಬ್ಬಳೇ ನೋಡಿ ಬೇಜಾರಾಗಿದೆ ಎಂದರು. ನಾನು ಬೆಟ್ ಎಂಬ ಮಾತಿಗೇ ಬೆಚ್ಚಿದೆ. ನಮ್ಮ ಮನೆಯಲ್ಲಿ ಇಸ್ಪೀಟಿನ ಎಲೆ ಮುಟ್ಟಿದರೂ ಕೈ ತೊಳೆಸುತ್ತಿದ್ದರು.

"ದುಡ್ಡಿನ ಬೆಟ್ ಅಲ್ಲ ಇದು. ಇಲ್ಲಿ ದುಡ್ಡು ಕಟ್ಟಿದ್ರೆ ಪೊಲೀಸು, ವೀಸಾ ಖಲಾಸ್, ಗೊತ್ತುಂಟಲ್ಲ?" ಎಂದರು. "ನಮ್ಮದು ಕಾಲಿನ ಬೆಟ್. ನೀನು ಸೋತ್ರೆ ಮುಂದಿನ ರೇಸಿಗೆ ನೀನು ನನ್ನ ಮನೆಗೆ ಬರ್ಬೇಕು, ನಾನು ಸೋತ್ರೆ ನಾನು ನಿನ್ನ ಮನೆಗೆ. ಬರುವವರು ತಿಂಡಿ ತರ್ಬೇಕು, ಅಷ್ಟೇ."

ಎರಡು ಬಾಗಿಲುಗಳ ನಡುವಿನ ದೂರ ಎಷ್ಟು ಮಹಾ. ಆದರೂ ಆ ಮಾತು ಕೇಳಿ ಖುಷಿಯಾಯಿತು. ಗೆದ್ದರೂ ಸೋತರೂ ಭಾನುವಾರ ಒಬ್ಬಳೇ ಇರಬೇಕಾಗಿರಲಿಲ್ಲ.

ಪಾಠ ಶುರುವಾಯಿತು. ಆಂಟಿ ಒಳ್ಳೆಯ ಟೀಚರ್ ಆಗಿರಲಿಲ್ಲ. ತಪ್ಪು ಹೇಳಿದರೆ ಬೈಯುತ್ತಿದ್ದರು, ಸರಿ ಹೇಳಿದರೆ ಕೇಳಿಸಿಕೊಳ್ಳುತ್ತಿರಲಿಲ್ಲ. ನಾನು ಮೊದಲ ವಾರ ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಹೆಸರು ಕೇಳಿದ್ದ ಡ್ರೈವರನ್ನು ಆರಿಸಿದೆ. ಹೆಸರಿಗೆ ಕಟ್ಟಬೇಡ, ಜಾಗಕ್ಕೆ ಕಟ್ಟು ಎಂದರು. ಶನಿವಾರದ ಓಟದಲ್ಲಿ ಯಾರು ಬೇಗ ಸುತ್ತು ಮುಗಿಸಿದ, ಭಾನುವಾರ ಯಾವ ಸಾಲಿನಲ್ಲಿ ನಿಲ್ಲುತ್ತಾನೆ ಎಂಬುದನ್ನು ಮೊದಲು ನೋಡಬೇಕು. ಊರೊಳಗಿನ ರಸ್ತೆಗಳಲ್ಲೇ ನಡೆಯುವ ರೇಸಾದರೆ ಹಿಂದಿನವನಿಗೆ ನುಗ್ಗಲು ಜಾಗವಿರುವುದಿಲ್ಲ, ಅಲ್ಲಿ ಮುಂದೆ ನಿಂತವನನ್ನು ಬಿಟ್ಟು ಬೇರೆಯವನನ್ನು ಆರಿಸುವುದು ದಡ್ಡತನ. ಅಗಲವಾದ, ಉದ್ದ ನೇರ ದಾರಿಯಿರುವ ಟ್ರ್ಯಾಕಾದರೆ ಎರಡನೆಯ ಮೂರನೆಯ ಸಾಲಿನವನ ಮೇಲೂ ಧೈರ್ಯ ಮಾಡಬಹುದು.

ಆಮೇಲೆ ಟಯರು. ಕೆಂಪು ಗುರುತಿನದು ಮೆತ್ತನೆಯದು, ಬೇಗ ಓಡುತ್ತದೆ, ಬೇಗ ಸವೆಯುತ್ತದೆ. ಬಿಳಿ ಗುರುತಿನದು ಗಟ್ಟಿ, ನಿಧಾನ, ಆದರೆ ಬಾಳಿಕೆ. ಹಳದಿಯದು ನಡುವೆ. ಯಾರು ಯಾವುದರಲ್ಲಿ ಹೊರಡುತ್ತಾನೆ ಎಂದು ನೋಡಿದರೆ ಅವನ ತಲೆಯಲ್ಲಿ ಏನಿದೆ ಎಂದು ಗೊತ್ತಾಗುತ್ತದಂತೆ. ಮಳೆ ಬಂದರೆ ಕಲಿತದ್ದೆಲ್ಲ ಮೂಟೆ ಕಟ್ಟಿ ಇಡಬೇಕು. ಎಲ್ಲೋ ಒಂದು ಕಾರು ಗೋಡೆಗೆ ಬಡಿದರೆ ಸೇಫ್ಟಿ ಕಾರು ಬಂದು ಎಲ್ಲರನ್ನೂ ಸಾಲಾಗಿ ನಿಧಾನ ನಡೆಸುತ್ತದೆ, ಅಷ್ಟು ಹೊತ್ತು ಕಷ್ಟಪಟ್ಟು ಗಳಿಸಿದ ಅಂತರವೆಲ್ಲ ನೀರುಪಾಲು. ರೇಸು ಮುಗಿಯುವುದಕ್ಕೆ ಮುಂಚೆ ಯಾವತ್ತೂ ಸಂತೋಷ ಪಡಬೇಡ ಎಂದು ಆಂಟಿ ಬೆರಳೆತ್ತಿ ಹೇಳುತ್ತಿದ್ದರು.

ನಾನು ಬೇಗ ಕಲಿತೆ. ಗೆಲ್ಲತೊಡಗಿದೆ. ಆಂಟಿ ಸೋತು ಗೋಳಿಬಜೆಯ ಡಬ್ಬಿ ಹಿಡಿದು ನನ್ನ ಮನೆಗೆ ಬರುತ್ತಿದ್ದರು. ನನ್ನ ಹತ್ತಿರ ಇದ್ದುದು ಒಂದು ಹಾಸಿಗೆ, ಒಂದು ಚಾಪೆ, ಒಂದು ಸಣ್ಣ ಟಿವಿ. ಅವರಿಗೆ ಮಂಡಿನೋವು, ನೆಲದಲ್ಲಿ ಕೂರಲಾಗದು. ಹಾಗಾಗಿ ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಬರುತ್ತಿದ್ದರು. ಕಾರಿಡಾರಿನಲ್ಲಿ ಕುರ್ಚಿ ಎಳೆಯುವ ಸದ್ದು ಕೇಳಿದರೆ ಸಾಕು, ನಾನು ಚಹಾಕ್ಕೆ ಇಡುತ್ತಿದ್ದೆ. ಆ ಸದ್ದು ನನಗೆ ಎಷ್ಟು ಬೇಕಾಗಿತ್ತೆಂದು ಅವರಿಗೆ ಯಾವತ್ತೂ ಹೇಳಲಿಲ್ಲ...

ಒಂದು ವಿಷಯ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಶನಿವಾರದ ಓಟ ಮುಗಿದ ಮೇಲೆ ಆಂಟಿ ಸ್ಪೀಕರ್ ಹಾಕಿ ಅಂಕಲ್‌ಗೆ ಫೋನು ಮಾಡುತ್ತಿದ್ದರು. ಮಾತೆಲ್ಲ ತುಳು. ಆದರೆ ಕಾರಿನ ಬಣ್ಣ, ನಂಬರು ನನಗೂ ತಿಳಿಯುತ್ತಿತ್ತು. ಅಂಕಲ್ ಆರಿಸುತ್ತಿದ್ದುದು ಯಾವಾಗಲೂ ಕೊನೆಯ ಸಾಲಿನ ಕಾರನ್ನು. ಎಂಜಿನ್ನೇ ಸರಿಯಿಲ್ಲದ, ರೇಸು ಮುಗಿಸುವುದೇ ಸಾಹಸ ಎನ್ನುವಂಥ ಕಾರುಗಳು. ಸೋಲುತ್ತಿದ್ದರು, ಬರುತ್ತಿದ್ದರು. ಮತ್ತೆ ಅದೇ. ಇಷ್ಟು ವರ್ಷ ರೇಸು ನೋಡಿ ಇಷ್ಟೂ ಕಲಿಯಲಿಲ್ಲವೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಬುಧವಾರ ಆಫೀಸಿನಿಂದ ಬಂದಾಗ ಅಂಕಲ್ ಆಂಟಿಯ ಮನೆಯಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಸಣಕಲು ಮನುಷ್ಯ, ಮಾತು ಕಡಿಮೆ. ನಾನು ಕೇಳಿಯೇ ಬಿಟ್ಟೆ, "ಅಂಕಲ್, ಯಾವಾಗ್ಲೂ ಲಾಸ್ಟ್ ಇರೋ ಕಾರನ್ನೇ ಯಾಕೆ ಹೇಳ್ತೀರಾ? ಒಂದ್ಸಲ ಫಸ್ಟ್ ಇರೋದು ಹೇಳಿ ನೋಡಿ, ಗೆಲ್ತೀರಾ."

"ಎಲ್ಲರೂ ಮುಂದಿನವನ ಹಿಂದೆ ಹೋದ್ರೆ ಪಾಪ ಹಿಂದಿನವನಿಗೆ ಯಾರು ಉಂಟು?" ಎಂದು ಅವರು ಸೊಪ್ಪಿನಿಂದ ತಲೆ ಎತ್ತದೆ ಹೇಳಿದರು.

ಆಂಟಿ ಅಡುಗೆಮನೆಯಿಂದ, "ಬೆಟ್ ಕಟ್ಟುವವರಲ್ಲಿ ಎರಡು ಜಾತಿ ಮಗಾ," ಎಂದರು. "ಯಾರು ಗೆಲ್ತಾರೆ ಅಂತ ನೋಡಿ ಕಟ್ಟುವವರು ಒಂದು. ಯಾರು ಗೆಲ್ಬೇಕು ಅಂತ ಆಸೆಯಲ್ಲಿ ಕಟ್ಟುವವರು ಇನ್ನೊಂದು. ಇವರು ಎರಡನೇದು. ಉದ್ಧಾರ ಆಗ್ಲಿಕ್ಕಿಲ್ಲ."

ಅಂಕಲ್ ನಕ್ಕರು. ಊಟ ಮಾಡಿ, ಸ್ವಲ್ಪ ಮಲಗಿ, ಮರುದಿನ ಬೆಳಕು ಹರಿಯುವ ಮೊದಲೇ ಹೊರಟುಹೋದರು. ಕಾರು ಅವರಿಗಿರಲಿಲ್ಲ. ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಆಂಟಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಅಬುಧಾಬಿಯವರೆಗೆ ಹೋಗುವುದರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ಕಾರುಗಳನ್ನು ಪ್ರೀತಿಸುವ ಹೆಂಗಸಿಗೆ ಟ್ಯಾಕ್ಸಿಯಲ್ಲಿ ಮಾಲ್ ದಾಟುವುದಕ್ಕೂ ನಿಂಬೆಹಣ್ಣು ಬೇಕಿತ್ತು. ಇದನ್ನು ಹೇಳಿಕೊಂಡು ನಾವಿಬ್ಬರೂ ನಗುತ್ತಿದ್ದೆವು. ಒಂದಕ್ಕೊಂದು ಜೋಡಿಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆ ವರ್ಷದ ರೇಸುಗಳು ಅರ್ಧ ದಾಟಿದ್ದವು. ಸೆಕೆ ವಿಪರೀತ, ಹೊರಗೆ ಕಾಲಿಡುವಂತಿರಲಿಲ್ಲ. ಒಂದು ಶನಿವಾರ ಎಂದಿನಂತೆ ಫೋನು ಹೋಯಿತು. ಅಂಕಲ್ ಹೇಳಿದ್ದು ಮೊದಲ ಸಾಲಿನ ಮೊದಲ ಕಾರನ್ನು. ಆ ವರ್ಷ ಹೆಚ್ಚುಕಡಿಮೆ ಎಲ್ಲ ರೇಸನ್ನೂ ಗೆಲ್ಲುತ್ತಿದ್ದ ಕಾರು.

ನಾನು ಚಪ್ಪಾಳೆ ತಟ್ಟಿದೆ. "ಅಂತೂ ಅಂಕಲ್‌ಗೆ ಬುದ್ಧಿ ಬಂತು!" ಎಂದೆ.

ಆಂಟಿ ನಗಲಿಲ್ಲ. ಸ್ಪೀಕರ್ ತೆಗೆದು ಫೋನನ್ನು ಕಿವಿಗೆ ಹಿಡಿದು ಏನೋ ಕೇಳಿದರು. ಆ ಕಡೆಯಿಂದ ಚುಟುಕು ಉತ್ತರ. ಮತ್ತೆ ಕೇಳಿದರು. ಫೋನು ಇಟ್ಟ ಮೇಲೆ ಒಳಗೆ ಹೋಗಿ ಕಪಾಟಿನ ಮೇಲಿನಿಂದ ಬ್ಯಾಗು ಇಳಿಸಲು ಕೈ ಚಾಚಿದರು. ಏನಾಯಿತು ಎಂದು ಕೇಳಿದೆ.

"ಎಂತ ಇಲ್ಲ, ಆರಾಮ ಇದ್ದೇನೆ ಅಂತಾರೆ. ಸುಳ್ಳು. ಇವರಿಗೆ ಬರ್ಲಿಕ್ಕೆ ಆಗುವುದಿಲ್ಲ ಈ ಸಲ. ನನ್ನನ್ನು ಕರೀತಾ ಇದ್ದಾರೆ."

"ಗೆಲ್ಲೋ ಕಾರ್ ಹೇಳಿದ್ರು ಅಷ್ಟೇ ಅಲ್ವಾ ಆಂಟಿ?"

"ಅದೇ ಮತ್ತೆ. ಇವರು ಗೆಲ್ಲಲಿಕ್ಕೆ ಆಡುವ ಮನುಷ್ಯ ಅಲ್ಲ."

ಆಗ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಬಸ್ಸು, ವಾಂತಿ, ಆಂಟಿಯ ಒಂದೇ ದಿನದ ರಜೆ, ಕೊನೆಯ ಸಾಲಿನ ಕಾರುಗಳು... ಬೆಟ್ ಎಂದರೇನೆಂದು ಕಲಿತೆ ಎಂದು ಬೀಗುತ್ತಿದ್ದ ನಾನು ಏನನ್ನೂ ಕಲಿತಿರಲಿಲ್ಲ.

ಅವರೊಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹತ್ತಿದೆವು. ಅಬುಧಾಬಿಯಲ್ಲಿ ಇಳಿದು ಇನ್ನೊಂದು ಬಸ್ಸು. ಆಂಟಿ ಕಿಟಕಿಗೆ ಒರಗಿ, ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕಣ್ಣು ಮುಚ್ಚಿದ್ದರು. ನಾನು ಬೆನ್ನು ಸವರುತ್ತಿದ್ದೆ. ಹೊರಗೆ ಮರಳು, ವಿದ್ಯುತ್ ಕಂಬ, ಮತ್ತೆ ಮರಳು. ನೋಡಲು ಏನೂ ಇಲ್ಲದ ಆ ದಾರಿ ಮುಗಿಯುವಂತೆಯೇ ಕಾಣಲಿಲ್ಲ. ಈ ದಾರಿಯಲ್ಲಿ ಆ ಸಣಕಲು ಮನುಷ್ಯ ಶಿಫ್ಟ್ ಮುಗಿಸಿ, ನಿದ್ದೆಗೆಟ್ಟು, ಒಂದು ಹೊತ್ತಿನ ಊಟಕ್ಕಾಗಿ ಎಷ್ಟು ಸಲ ಬಂದುಹೋಗಿರಬಹುದು ಎಂದು ಯೋಚಿಸಿ ನನಗೆ ಅಳು ಬಂತು. ನನಗಾಗಿ ಇಷ್ಟು ದೂರ ಯಾರೂ ಬಂದಿರಲಿಲ್ಲ. ನಾನೂ ಯಾರಿಗಾಗಿಯೂ ಹೋಗಿರಲಿಲ್ಲ.

"ನಿಮಗೆ ಮೊದಲಿಂದಲೂ ಗೊತ್ತಿತ್ತಾ ಆಂಟಿ, ಅಂಕಲ್ ಬೇಕಂತಲೇ ಸೋಲ್ತಾರೆ ಅಂತ?" ಎಂದು ಕೇಳಿದೆ.

"ಗೊತ್ತಿಲ್ಲದೆ ಎಂತ? ಹೇಳಿದ್ರೆ ಮತ್ತೆ ಬೆಟ್ ಎಲ್ಲಿ ಉಳೀತದೆ?" ಕಣ್ಣು ತೆರೆಯದೆಯೇ ಹೇಳಿದರು. "ಮೂರನೇ ಜಾತಿ ಇವರು. ಸೋಲ್ಲಿಕ್ಕೇ ಕಟ್ಟುವವರು."

ಕಂಪನಿಯ ಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಂಕಲ್ ಹಾಸಿಗೆಯ ಅಂಚಿನಲ್ಲಿ ಬನಿಯನ್ನಿನಲ್ಲಿ ಕೂತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. ನಮ್ಮನ್ನು ನೋಡಿ ತುಳುವಿನಲ್ಲಿ ಏನೋ ಕೇಳಿದರು. ಆಂಟಿ ಉತ್ತರ ಕೊಡದೆ ಅವರ ಅಂಗಿ ಹುಡುಕತೊಡಗಿದರು. ಅವರು ಕೇಳಿದ್ದೇನೆಂದು ಬಹಳ ದಿನಗಳ ಮೇಲೆ ಆಂಟಿ ನನಗೆ ಹೇಳಿದರು. ರೇಸು ಇನ್ನೂ ಶುರುವೇ ಆಗಿಲ್ಲ, ಆಗಲೇ ಬಂದುಬಿಟ್ಟೆಯಾ ಎಂದು ಕೇಳಿದ್ದರಂತೆ.

ಎದೆನೋವು ಶುರುವಾಗಿ ಎರಡು ದಿನವಾಗಿತ್ತು. ಗ್ಯಾಸ್ ಇರಬೇಕು ಎಂದು ಮಾತ್ರೆ ನುಂಗಿ ಕೂತಿದ್ದರು. ಹೇಳಿದರೆ ಹೆಂಡತಿ ಗಾಬರಿಯಾಗಿ ಬಸ್ಸು ಹತ್ತುತ್ತಾಳೆ ಎಂದು ಹೇಳಲೂ ಇಲ್ಲ, ಹೇಳದೆ ಇರಲೂ ಆಗಲಿಲ್ಲ. ಅಕ್ಕಪಕ್ಕದವರು ಕಾರು ತೆಗೆದು ಆಸ್ಪತ್ರೆಗೆ ಸೇರಿಸಿದರು, ಅಲ್ಲಿಂದ ಆಂಬುಲೆನ್ಸಿನಲ್ಲಿ ಅಬುಧಾಬಿಗೆ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಆಂಟಿ, "ಫೋನ್ ಮಾಡಿದ್ರು," ಎಂದಷ್ಟೇ ಹೇಳಿದರು. ಡಾಕ್ಟರಿಗೆ ಮೊದಲ ಸಾಲಿನ ಕಾರಿನ ಕತೆ ಹೇಳಿ ಅರ್ಥ ಮಾಡಿಸುವುದು ಹೇಗೆ.

ಆಪರೇಷನ್ ಆದ ಮೇಲೆ ಅಬುಧಾಬಿಯಲ್ಲೇ, ಹಮ್ದಾನ್ ಸ್ಟ್ರೀಟಿನಲ್ಲಿ ಪರಿಚಯದವರ ಮನೆಯ ಒಂದು ಕೋಣೆಯಲ್ಲಿ ಇಬ್ಬರೂ ಕೆಲವು ವಾರ ಇದ್ದರು. ಆಂಟಿ ಕ್ಲಿನಿಕ್ಕಿನ ಕೆಲಸ ಬಿಟ್ಟರು. ಅಷ್ಟು ವರ್ಷ ಯಾವುದನ್ನು ಬಿಡಲಾರೆ ಎಂದಿದ್ದರೋ ಅದನ್ನು ಒಂದು ಫೋನಿನಲ್ಲಿ ಬಿಟ್ಟರು. ನಾನು ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಅಂಗಡಿಗಳ ಗಲಾಟೆ, ಮೇಲೆ ಆ ಪುಟ್ಟ ಕೋಣೆಯಲ್ಲಿ ಫೋನನ್ನು ಲೋಟಕ್ಕೆ ಒರಗಿಸಿ ಮೂವರೂ ರೇಸು ನೋಡುತ್ತಿದ್ದೆವು. ಯಾವ ಕಾರು ಎಂದು ನಾನು ಕೇಳಿದರೆ, "ಈಗ ಬೆಟ್ ಎಂತದ್ದಕ್ಕೆ? ಇಬ್ಬರೂ ಇಲ್ಲೇ ಇದ್ದೇವಲ್ಲ," ಎಂದು ಅಂಕಲ್ ನಕ್ಕರು. ಇಬ್ಬರೂ ಒಂದೇ ಕಾರಿನ ಕಡೆ. ನನಗೆ ಸಂತೋಷವಾಗಿತ್ತು, ಅದು ನಿಜ. ವಾಪಸು ಬರುವಾಗ ಬಸ್ಸಿನಲ್ಲಿ ಹೊಟ್ಟೆಕಿಚ್ಚೂ ಆಗಿತ್ತು, ಅದೂ ನಿಜ.

ಅಂಕಲ್‌ಗೆ ಮತ್ತೆ ಪ್ಲಾಂಟಿನ ಕೆಲಸ ಮಾಡಲಾಗುವುದಿಲ್ಲ ಎಂದಾಯಿತು. ಇಲ್ಲಿ ಕೆಲಸವಿಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಎಷ್ಟು ವರ್ಷ ಇದ್ದರೂ ಹೊರಡಬೇಕು. ಸುರತ್ಕಲ್ ಹತ್ತಿರ ಫ್ಲ್ಯಾಟ್ ತೆಗೆದುಕೊಂಡರು. ಅಲ್ ಬರ್ಷಾದ ಮನೆ ಖಾಲಿ ಮಾಡಿದ ದಿನ ನಾನು ಆಫೀಸಿಗೆ ರಜೆ ಹಾಕಿ ಡಬ್ಬ ಕಟ್ಟಿದೆ. ವಿಮಾನ ನಿಲ್ದಾಣದಲ್ಲಿ ಆಂಟಿ ನನ್ನ ಕೆನ್ನೆ ಹಿಂಡಿ, ಮುಂದಿನ ವರ್ಷ ಯಾವ ಎಂಜಿನ್ನು ಹೇಗೆ ಬದಲಾಗುತ್ತದೆ ಎಂದೇ ಮಾತಾಡುತ್ತಿದ್ದರು. ಅಳಲು ಇಬ್ಬರಿಗೂ ಪುರುಸೊತ್ತು ಕೊಡಲಿಲ್ಲ.

ಊರಿನಿಂದ ಕೆಲವು ಭಾನುವಾರ ಫೋನು ಬರುತ್ತಿತ್ತು, ಕೆಲವು ಭಾನುವಾರ ಇಲ್ಲ. ಅಂಕಲ್ ಎರಡನೆಯ ಸಲ ಎದೆನೋವು ಬಂದಾಗ ಉಳಿಯಲಿಲ್ಲ. ಆ ಸುದ್ದಿ ಕೇಳಿ ನಾನು ಫೋನು ಮಾಡಿದೆ. ಆಮೇಲೆ ಬಹಳ ತಿಂಗಳು ರೇಸಿನ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ...

ಕಳೆದ ವರ್ಷ ಒಂದು ಶನಿವಾರ ಸಂಜೆ ತಾವಾಗಿಯೇ ಫೋನು ಮಾಡಿದರು. ಹೇಗಿದ್ದೀಯ ಎಂದೂ ಕೇಳದೆ, "ನಾಳೆಗೆ ಬೆಟ್ ಉಂಟಾ?" ಎಂದರು. ಉಂಟು ಎಂದೆ. ಯಾವ ಕಾರು ಎಂದು ಕೇಳಿದೆ. ಅವರು ಹೇಳಿದ್ದು ಕೊನೆಯ ಸಾಲಿನ ಕೊನೆಯ ಕಾರನ್ನು.

ನಾನು ಮೊದಲ ಸಾಲಿನ ಕಾರನ್ನು ಹೇಳಿದೆ.

ಮರುದಿನ ಅವರ ಕಾರು ಎಲ್ಲರಿಗಿಂತ ಹಿಂದೆ ಬಂತು. "ಸೋತೆ ಮಾರಾಯ್ತಿ. ಇನ್ನು ಬಾರದೆ ಆಗ್ತದಾ? ವಿಮಾನದಲ್ಲಿ ವಾಂತಿ ಬಾರದಿದ್ರೆ ಸಾಕು," ಎಂದು ನಕ್ಕರು. ಅಷ್ಟು ದಿನಗಳ ಮೇಲೆ ಅವರ ನಗು ಕೇಳಿದ್ದೆ. ವಿಸಿಟ್ ವೀಸಾಕ್ಕೆ ಬೇಕೆಂದು ಪಾಸ್‌ಪೋರ್ಟಿನ ಫೋಟೋ ಕಳಿಸಿದರು. ಸೆಕೆ ಕಳೆಯಲಿ, ಮಂಡಿನೋವಿಗೆ ಹೊಸ ಔಷಧ ಶುರುವಾಗಿದೆ, ಅದೊಂದು ಮುಗಿಯಲಿ ಎಂದರು. ನಾನು ಒಂದು ಮಡಚುವ ಮಂಚ ತಂದೆ. ಅವರು ನೆಲದಲ್ಲಿ ಮಲಗಲಾರರು. ಯಾವ ಕಡೆ ಹಾಕಿದರೆ ಟಿವಿ ಸರಿಯಾಗಿ ಕಾಣುತ್ತದೆ ಎಂದು ನಾಲ್ಕು ಕಡೆ ಹಾಕಿ, ಮಲಗಿ ನೋಡಿದೆ. ಮನೆಗೆ ಯಾರಾದರೂ ಬರುತ್ತಾರೆಂದು ನಾನು ಹಾಗೆ ಕಾದದ್ದು ಅದೇ ಮೊದಲು.

ವೀಸಾ ಬಂದು, ಟಿಕೆಟ್ ನೋಡುತ್ತಿದ್ದಾಗ ಅವರ ತಮ್ಮನ ಮಗಳು ಫೋನು ಮಾಡಿದಳು. ನಿದ್ದೆಯಲ್ಲೇ ಹೋಗಿದ್ದರು. ಅತ್ತೆ ದುಬೈಗೆ ಹೋಗ್ಲಿಕ್ಕೆ ಬ್ಯಾಗು ಕಟ್ಟಿ ಇಟ್ಟಿದ್ರು, ಅದರಲ್ಲಿ ನಿಮಗೆ ಅಂತ ಹಪ್ಪಳ ಉಂಟು, ಕಳಿಸಿ ಕೊಡುದಾ ಎಂದು ಆ ಹುಡುಗಿ ಕೇಳಿದಳು. ಬೇಡ, ನೀವೇ ತಿನ್ನಿ ಎಂದೆ. ಫೋನಿಟ್ಟು ಎಷ್ಟು ಹೊತ್ತು ಅಳುತ್ತಿದ್ದೆನೋ ನನಗೆ ನೆನಪಿಲ್ಲ. ಅವರು ನನ್ನ ರಕ್ತಸಂಬಂಧಿಯಲ್ಲ. ಆಫೀಸಿನಲ್ಲಿ ರಜೆ ಕೇಳಲು ಯಾವ ಕಾರಣ ಹೇಳುವುದೆಂದು ತಿಳಿಯದೆ ಮರುದಿನ ಕೆಲಸಕ್ಕೆ ಹೋದೆ.

ನಾನು ಇನ್ನೂ ಅದೇ ಮನೆಯಲ್ಲಿದ್ದೇನೆ. ಕೆಲಸದಲ್ಲಿ ಮೇಲೆ ಬಂದಿದ್ದೇನೆ, ಕಾರು ಓಡಿಸಲು ಕಲಿತಿದ್ದೇನೆ, ದುಬೈ ಈಗ ಹೆದರಿಸುವುದಿಲ್ಲ. ಎದುರು ಮನೆಗೆ ಎರಡು ಸಂಸಾರ ಬಂದುಹೋದವು. ಈಗ ಇರುವವರ ಹೆಸರು ನನಗೆ ಗೊತ್ತಿಲ್ಲ. ಅವರ ಮಕ್ಕಳು ಕಾರಿಡಾರಿನಲ್ಲಿ ಸ್ಕೂಟರ್ ಓಡಿಸುತ್ತಾ ನನ್ನನ್ನು ಕಂಡರೆ "ಹಾಯ್ ಆಂಟಿ" ಎನ್ನುತ್ತಾರೆ.

ನಿನ್ನೆ ಭಾನುವಾರ ಮಡಚುವ ಮಂಚ ಬಿಡಿಸಿ, ಅದರ ಮೇಲೆ ಕೂತು ರೇಸು ನೋಡಿದೆ. ಟಯರ್ ಅಂಗಡಿಯಲ್ಲಿ ನಾನು ಹೇಳಿದ ಹಾಗೆ ಮುಂದೆ ನಿಂತವನೇ ಗೆದ್ದ. ಆದರೆ ಮನಸ್ಸಿನಲ್ಲಿ ನಾನು ಆರಿಸಿಕೊಂಡಿದ್ದು ಅವನನ್ನಲ್ಲ, ಕೊನೆಯ ಸಾಲಿನವನನ್ನು. ಅವನು ಕೊನೆಗೇ ಬಂದ. ನಾನು ಸೋತೆ. ಎದ್ದು ಹೋಗಿ ಬಾಗಿಲು ತೆಗೆದು ನಿಂತೆ. ಎದುರಿನ ಬಾಗಿಲು ಹಾಕಿತ್ತು, ಒಳಗೆ ಯಾರೋ ನಗುತ್ತಿದ್ದರು. ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಬಂದೆ.